ಎರಡು ಸ್ಕೂಪ್ ಹಾಕಿ ಅನ್ನುತ್ತದೆ ಲೇಬಲ್, ದಾವಣಗೆರೆ ಬಿಸಿಲಿಗೆ ಒಂದೇ ಸಾಕು

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ ತುಳಿಯುವಾಗ, ಓಡುವಾಗ ಶಕ್ತಿಗೆ ಅಂತ ನೀರಿಗೆ ಬೆರೆಸಿ ಕುಡಿಯುವ ಈ ಪುಡಿ ಕೆಟ್ಟದ್ದಲ್ಲ. ಪ್ಯಾಕೆಟ್ ಹಿಂದೆ ಬರೆದಿರುವ ಅಳತೆ ಮಾತ್ರ ನಮ್ಮ ಕಡೆಯ ಬಿಸಿಲಿಗೆ ಆಗಿಬರುವುದಿಲ್ಲ. ದಾವಣಗೆರೆ, ಚಿತ್ರದುರ್ಗದಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುವವರು, ಹಾಫ್ ಮ್ಯಾರಥಾನ್‌ಗೆ ಅಂತ ಕುಂದುವಾಡ ಕೆರೆ ಸುತ್ತ ಓಡುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರ ಬಾಟಲಿಯಲ್ಲೂ ಏನೋ ಒಂದು ಬಣ್ಣದ ನೀರು ಇದ್ದೇ ಇರುತ್ತದೆ. ಅದನ್ನು ಕುಡಿದು ಹೊಟ್ಟೆ ಹಿಡಿದುಕೊಂಡು ಕೂರುವವರೂ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ, ಯಾಕೆಂದರೆ ಇದೇ ಲೆಕ್ಕದ ಪುಡಿಗಳು ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ, ಹಿಂದಿನ ಬರಹವೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ.

ಒಂದು ಕೆ.ಜಿ. ಪೌಚ್, ಕಿತ್ತಳೆ ರುಚಿ. ಆನ್‌ಲೈನ್‌ನಲ್ಲಿ ಸಾವಿರದ ನಾನೂರು ರೂಪಾಯಿ ಚಿಲ್ಲರೆ. ಒಳಗಿರುವುದು ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ), ಫ್ರಕ್ಟೋಸ್ (ಹಣ್ಣಿನ ಸಕ್ಕರೆ), ಸ್ವಲ್ಪ ಸೋಡಿಯಂ ಸಿಟ್ರೇಟ್, ಸಿಟ್ರಿಕ್ ಆಮ್ಲ, ಬಣ್ಣ. ಮಾಲ್ಟೋಡೆಕ್ಸ್‌ಟ್ರಿನ್ ಎರಡು ಪಾಲು, ಫ್ರಕ್ಟೋಸ್ ಒಂದು ಪಾಲು. ಒಂದು ಸ್ಕೂಪ್‌ಗೆ 45 ಗ್ರಾಂ. ಸೂಚನೆ ಏನು ಗೊತ್ತಾ? ಎರಡು ಸ್ಕೂಪ್ ಪುಡಿ, ಅರ್ಧ ಲೀಟರ್ ನೀರು, ಪ್ರತಿ ಗಂಟೆಗೆ ಒಂದು ಬಾಟಲಿ. ಅಂದರೆ ಗಂಟೆಗೆ 90 ಗ್ರಾಂ ಸಕ್ಕರೆ ಅಂಶ. ಇಷ್ಟೇ ಬರೆದಿದ್ದಾರೆ. ಹವೆ ಹೇಗಿರಬೇಕು, ಜೊತೆಗೆ ಎಷ್ಟು ನೀರು ಕುಡಿಯಬೇಕು, ಹೊಸಬರು ಎಷ್ಟರಿಂದ ಶುರು ಮಾಡಬೇಕು, ಒಂದಕ್ಷರ ಇಲ್ಲ.

ರುಚಿಗೆ ಬಂದರೆ, ಫ್ರಿಜ್‌ನಿಂದ ತೆಗೆದ ಕೂಡಲೇ ಚೆನ್ನಾಗಿಯೇ ಇದೆ. ಬಿಸಿಲಲ್ಲಿ ಒಂದು ಗಂಟೆ ನೇತಾಡಿದ ಮೇಲೆ ಜ್ವರದ ಸಿರಪ್ ಕುಡಿದ ಹಾಗಾಗುತ್ತದೆ. ಎರಡು ಸ್ಕೂಪ್ ಹಾಕಿದರೆ ಅರ್ಧ ಲೀಟರ್‌ನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಎಷ್ಟು ಕುಲುಕಿದರೂ ಬಾಟಲಿ ಮೂಲೆಯಲ್ಲಿ ಬಿಳಿ ಗಂಟು ಉಳಿಯುತ್ತದೆ, ಹೀರುವ ತೂತಿಗೇ ಬಂದು ಸಿಕ್ಕಿಕೊಳ್ಳುತ್ತದೆ. ಮೊದಲು ಬೆಚ್ಚಗಿನ ನೀರು ಒಂದಿಷ್ಟು ಹಾಕಿ, ಪುಡಿ ಕಲಸಿ, ಆಮೇಲೆ ತಣ್ಣೀರು ತುಂಬಿದರೆ ಪರವಾಗಿಲ್ಲ. ಸೈಕಲ್ ಮನೆಗೆ ತಂದು ಒರಸದೆ ನಿಲ್ಲಿಸಿದರೆ ಸಂಜೆ ಹೊತ್ತಿಗೆ ಬಾಟಲಿ ಸ್ಟ್ಯಾಂಡಿನಿಂದ ಪೆಡಲ್ ತನಕ ಇರುವೆ ಸಾಲು ಗ್ಯಾರಂಟಿ.

ಇನ್ನು ಹೊಟ್ಟೆಯ ವಿಷಯ. ಡಿಸೆಂಬರ್, ಜನವರಿ ಚಳಿಯಲ್ಲಿ ಲೇಬಲ್ ಹೇಳಿದಂತೆಯೇ ಕುಡಿದಿದ್ದೇನೆ, ದೊಡ್ಡ ತೊಂದರೆ ಇರಲಿಲ್ಲ. ಕೊನೆಗೊಂದು ಗಂಟೆ ಹೊಟ್ಟೆ ಭಾರ, ಅಷ್ಟೇ. ಏಪ್ರಿಲ್‌ನಲ್ಲಿ ಅದೇ ಅಳತೆ, ಅದೇ ದಾರಿ, ಅದೇ ಕಾಲು. ದಾವಣಗೆರೆಯಿಂದ ಆನಗೋಡು, ಭರಮಸಾಗರ ಹಾದು ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಹೋಗುವಾಗ ತಂಪು ಹೊತ್ತು, ಏನೂ ಗೊತ್ತಾಗಲಿಲ್ಲ. ತಿಂಡಿ ಮುಗಿಸಿ ವಾಪಸ್ ಹೊರಟಾಗ ಹೆದ್ದಾರಿ ಕಾದ ಹೆಂಚಾಗಿತ್ತು. ಭರಮಸಾಗರ ಬರುವ ಮುಂಚೆಯೇ ಹೊಟ್ಟೆಯೊಳಗೆ ನೀರು ಗುಳುಗುಳು ಅಂತ ಕುಲುಕಾಡಲು ಶುರು. ಕುಡಿದದ್ದು ಕೆಳಗೆ ಇಳಿಯುತ್ತಲೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಆಮೇಲೆ ಹುಳಿ ತೇಗು, ವಾಕರಿಕೆ. ಆಮೇಲೆ ಹೊಕ್ಕಳ ಕೆಳಗೆ ನುಲಿತ. ಹ್ಯಾಂಡಲ್ ಮೇಲೆ ಬಗ್ಗಿದರೆ ಇನ್ನೂ ಜಾಸ್ತಿ. ಮುಂದಿನದು ಬೇಡ ಬಿಡಿ, ಪೆಟ್ರೋಲ್ ಬಂಕ್‌ನಲ್ಲಿ ಶೌಚಾಲಯ ತೆರೆದಿತ್ತು ಅನ್ನುವುದೊಂದೇ ಪುಣ್ಯ. ಹೊರಗೆ ಬಂದಾಗ ಪಕ್ಕದ ಕಬ್ಬಿನ ಹಾಲಿನ ಗಾಡಿಯವರು ನನ್ನ ಬಾಟಲಿ ನೋಡಿ, "ಅದನ್ನ ಆಕಡೆ ಇಡ್ರಣ್ಣ, ಮೊದ್ಲು ಬರೇ ನೀರು ಕುಡೀರಿ" ಅಂದರು. ನೀರು ಕುಡಿದು, ತಲೆ ಮೇಲೂ ಸುರಿದುಕೊಂಡು, ಬೇವಿನ ಮರದ ಕೆಳಗೆ ಕೂತೆ. ಅರ್ಧ ಗಂಟೆಯಲ್ಲಿ ಸಮ ಆಯಿತು.

ಜೊತೆಗಿದ್ದ ಇನ್ನೊಬ್ಬನಿಗೂ ಅದೇ ಪುಡಿ, ಅವನಿಗೆ ಬರೀ ಉಬ್ಬರ. ಮೂರನೆಯವನು ಮನೆಯ ಶರಬತ್ತು ತಂದಿದ್ದ, ಅವನಿಗೆ ಏನೂ ಇಲ್ಲ. ಇಷ್ಟರಿಂದಲೇ ಪುಡಿ ಕೆಟ್ಟದ್ದು ಅನ್ನಲು ಬರುವುದಿಲ್ಲ ಅಲ್ವಾ? ಹಾಗಾಗಿ ಒಂದಿಷ್ಟು ಓದಿದೆ, ಲೆಕ್ಕ ಹಾಕಿದೆ.

90 ಗ್ರಾಂ ಅನ್ನುವುದು ಗಾಳಿಯಲ್ಲಿ ಹುಟ್ಟಿದ ಅಂಕಿ ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗಲು ಒಂದು ಬಾಗಿಲು, ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಮೊದಲನೆಯದರ ಹೆಸರು ಎಸ್‌ಜಿಎಲ್‌ಟಿ1, ಎರಡನೆಯದು ಗ್ಲೂಟ್5. ಗ್ಲೂಕೋಸ್ ಬಾಗಿಲಲ್ಲಿ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ನುಗ್ಗಲು ಸಾಧ್ಯ. ಅದಕ್ಕಿಂತ ಜಾಸ್ತಿ ಗ್ಲೂಕೋಸ್ ಸುರಿದರೆ ಕರುಳಲ್ಲೇ ನಿಲ್ಲುತ್ತದೆ. ಜೊತೆಗೆ 30 ಗ್ರಾಂ ಫ್ರಕ್ಟೋಸ್ ಕೊಟ್ಟರೆ ಅದು ತನ್ನದೇ ಬಾಗಿಲಲ್ಲಿ ಹೋಗುತ್ತದೆ. 60 ಪ್ಲಸ್ 30, ಒಟ್ಟು 90. ಆಸ್ಕರ್ ಯೂಕೆಂಡ್ರುಪ್ ಅನ್ನುವ ವಿಜ್ಞಾನಿ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸದಿಂದ ಈ ಲೆಕ್ಕ ಪ್ರಚಾರಕ್ಕೆ ಬಂತು. ಮಾಲ್ಟೋಡೆಕ್ಸ್‌ಟ್ರಿನ್ ಅಂದರೆ ಗ್ಲೂಕೋಸ್‌ನದೇ ಸರಪಳಿ, ಕರುಳಲ್ಲಿ ಬೇಗ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಪುಡಿಯ ಮಿಶ್ರಣದಲ್ಲಿ ತಪ್ಪಿಲ್ಲ, ಅದಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ದೊಡ್ಡ ದೊಡ್ಡ ಸೈಕಲ್ ರೇಸಿನವರು ಈಗ 90 ಬಿಟ್ಟು 120ಕ್ಕೂ ಹೋಗಿದ್ದಾರೆ.

ಆದರೆ ಅದೇ ಬರ್ಮಿಂಗ್‌ಹ್ಯಾಮ್‌ನವರೇ 2002ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅದನ್ನು ಯಾವ ಪ್ಯಾಕೆಟ್ ಮೇಲೂ ಹಾಕುವುದಿಲ್ಲ. ಸೈಕಲ್ ತುಳಿಯುವವರನ್ನು ಒಮ್ಮೆ ಸುಮಾರು 16 ಡಿಗ್ರಿಯಲ್ಲಿ, ಇನ್ನೊಮ್ಮೆ ಸುಮಾರು 35 ಡಿಗ್ರಿಯಲ್ಲಿ ತುಳಿಸಿ, ಎರಡು ಸಲವೂ ಸಕ್ಕರೆ ನೀರು ಕುಡಿಸಿದರು. ಬಿಸಿಯಲ್ಲಿ, ಕುಡಿದ ಸಕ್ಕರೆ ಉರಿದದ್ದು ಕಡಿಮೆ. ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟಿದ್ದ ಗ್ಲೈಕೋಜನ್ ಖರ್ಚಾದದ್ದು ಜಾಸ್ತಿ. ಅಂದರೆ ಬಿಸಿಲಲ್ಲಿ ಶಕ್ತಿ ಬೇಗ ಮುಗಿಯುತ್ತದೆ, ಅದೇ ಹೊತ್ತಿಗೆ ಹೊರಗಿಂದ ಕೊಟ್ಟದ್ದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವರು ಕೋಣೆ ಬಿಸಿ ಮಾಡಿಕೊಂಡು ಪಡೆದ 35 ಡಿಗ್ರಿ ನಮಗೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಆಗುವ ಮುಂಚೆ ಬಿಟ್ಟಿ ಸಿಗುತ್ತದೆ.

ಯಾಕೆ ಹೀಗೆ? ದೇಹದಲ್ಲಿ ಇರುವುದೇ ಐದು ಲೀಟರ್ ಆಸುಪಾಸು ರಕ್ತ. ತುಳಿಯುವ ಕಾಲಿಗೆ ಅದು ಬೇಕು. ಬೆವರು ಬರಿಸಿ ಮೈ ತಣ್ಣಗೆ ಮಾಡಲು ಚರ್ಮಕ್ಕೂ ಬೇಕು. ಎರಡೂ ಕಡೆ ಎಳೆದಾಗ ಹೊಟ್ಟೆ, ಕರುಳಿನ ಪಾಲು ಕಡಿತ ಆಗುತ್ತದೆ. ಜೋರು ವ್ಯಾಯಾಮದಲ್ಲಿ ಅದು ಅರ್ಧಕ್ಕಿಂತ ಕೆಳಗೂ ಇಳಿಯಬಹುದು. ರಕ್ತ ಕಡಿಮೆಯಾದ ಕರುಳು ಹೀರುವುದು ನಿಧಾನ, ಅದರ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ ಒಳಗಿನ ಕಾವು ಏರಿದರೆ ಹೊಟ್ಟೆ ಖಾಲಿ ಆಗುವುದೂ ತಡ. ಆ ಗುಳುಗುಳು ಅದೇ. ಓಡುವವರಿಗೆ ಇದು ಇನ್ನೂ ಜಾಸ್ತಿ, ಏಕೆಂದರೆ ಹೆಜ್ಜೆ ಹೆಜ್ಜೆಗೂ ಹೊಟ್ಟೆ ಕುಲುಕುತ್ತದೆ.

ಇನ್ನೊಂದು, ಸಾಂದ್ರತೆ. 90 ಗ್ರಾಂ ಅರ್ಧ ಲೀಟರ್‌ಗೆ ಅಂದರೆ ನೂರು ಮಿಲಿ ನೀರಿಗೆ 18 ಗ್ರಾಂ. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ಗಳು 6ರಿಂದ 8ರಲ್ಲಿ ಇರುತ್ತವೆ. ನಮ್ಮ ರಕ್ತದಲ್ಲಿ ಕರಗಿರುವ ಕಣಗಳ ಲೆಕ್ಕ ಲೀಟರ್‌ಗೆ ಸುಮಾರು 290 ಮಿಲಿಆಸ್ಮೋಲ್. ಈ ಬಾಟಲಿಯಲ್ಲಿ ಫ್ರಕ್ಟೋಸ್ ಒಂದೇ ಲೀಟರ್ ಲೆಕ್ಕದಲ್ಲಿ 330ರ ಹತ್ತಿರ ಬರುತ್ತದೆ, ಮಾಲ್ಟೋಡೆಕ್ಸ್‌ಟ್ರಿನ್ ಮತ್ತು ಸೋಡಿಯಂ ಸೇರಿದರೆ ಇನ್ನೂ ಮೇಲೆ. ರಕ್ತಕ್ಕಿಂತ ಗಟ್ಟಿ ಇರುವ ದ್ರವ ಕರುಳಿಗೆ ಬಿದ್ದರೆ, ಅದನ್ನು ತೆಳು ಮಾಡಲು ಮೈಯೊಳಗಿನ ನೀರೇ ಕರುಳಿಗೆ ಬರುತ್ತದೆ. ಬೆವರಿ ಬೆವರಿ ನೀರು ಕಳಕೊಂಡವನಿಗೆ ಇದ್ದಬದ್ದ ನೀರೂ ಅಲ್ಲಿಗೆ ಹೋದರೆ ಹೇಗೆ? ಹೀರದೆ ಉಳಿದ ಸಕ್ಕರೆ ದೊಡ್ಡ ಕರುಳು ಸೇರಿ ಬ್ಯಾಕ್ಟೀರಿಯಾಗೆ ಹಬ್ಬ. ಗ್ಯಾಸ್, ನುಲಿತ, ಭೇದಿ, ಎಲ್ಲ ಅಲ್ಲಿಂದಲೇ. ಕೆಲವರಿಗೆ ಫ್ರಕ್ಟೋಸ್ ಮೊದಲೇ ಸರಿಯಾಗಿ ಒಗ್ಗುವುದಿಲ್ಲ, ಅಂಥವರಿಗೆ ಚಳಿಗಾಲದಲ್ಲೂ ಇದು ಕಾಟ ಕೊಡುತ್ತದೆ.

ಈಗ ನಾನು ಬಳಸುವ ರೀತಿ. ಒಂದೇ ಸ್ಕೂಪ್, ಮುಕ್ಕಾಲು ಲೀಟರ್ ಬಾಟಲಿಯ ತುಂಬ ನೀರು. ನೂರಕ್ಕೆ 6 ಗ್ರಾಂ ಆಯಿತು. ಗಂಟೆಗೆ ಒಂದು ಬಾಟಲಿ, ಒಮ್ಮೆಲೇ ಗಟಗಟ ಅಲ್ಲ, ಹತ್ತು ಹದಿನೈದು ನಿಮಿಷಕ್ಕೆ ಒಂದೆರಡು ಗುಟುಕು. ಎರಡನೇ ಬಾಟಲಿಯಲ್ಲಿ ಬರೀ ನೀರು, ಅದು ಬಾಯಿಗೂ ತಲೆಗೂ. ಸಕ್ಕರೆಯ ಹೆಚ್ಚಿನ ಪಾಲನ್ನು ತಂಪು ಹೊತ್ತಲ್ಲೇ ಒಳಗೆ ಹಾಕಿಬಿಡುತ್ತೇನೆ, ಒಂಬತ್ತೂವರೆ ನಂತರ ತೆಳುವಾದದ್ದು ಮಾತ್ರ. ವೇಗವನ್ನೂ ಇಳಿಸುತ್ತೇನೆ, ಕಾಲಿಗೆ ರಕ್ತದ ಬೇಡಿಕೆ ಇಳಿದರೆ ಹೊಟ್ಟೆಗೂ ಸ್ವಲ್ಪ ಉಸಿರು. ಬಾಟಲಿಯನ್ನು ಹಿಂದಿನ ರಾತ್ರಿ ಅರ್ಧ ತುಂಬಿಸಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಮೇಲೆ ನೀರು ತುಂಬಿದರೆ ಆನಗೋಡು ದಾಟುವ ತನಕ ತಣ್ಣಗಿರುತ್ತದೆ. ಹೀಗೆ ಮಾಡಿದ ಮೇಲೆ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತಿ ಇಳಿದು ಬಂದರೂ ಹೊಟ್ಟೆ ಸುಮ್ನೆ ಇದೆ. ಅದೇ ಪುಡಿ!

ಜಾಸ್ತಿ ಬೇಕೇ ಬೇಕು ಅನ್ನುವವರು ಕರುಳಿಗೆ ಅಭ್ಯಾಸ ಮಾಡಿಸಬೇಕು. ಇದು ನಿಜವಾಗಿಯೂ ಆಗುವ ಕೆಲಸ. ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದವರು ಓಟಗಾರರಿಗೆ ಎರಡು ವಾರ ಓಡುವಾಗ ಸಕ್ಕರೆ ಅಂಶ ಕೊಟ್ಟು ರೂಢಿ ಮಾಡಿಸಿದರು, ಹೊಟ್ಟೆಯ ತೊಂದರೆ ಕಡಿಮೆ ಆಯಿತು ಅಂತ 2017ರಲ್ಲಿ ಬರೆದರು. ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ. ರೇಸ್ ದಿನವೇ ಹೊಸ ಪ್ಯಾಕೆಟ್ ಒಡೆಯಬೇಡಿ. ಒಂದು ಗಂಟೆಯೊಳಗೆ ಮುಗಿಯುವ ಓಟಕ್ಕಾದರೆ ಈ ಪುಡಿಯೇ ಬೇಡ. ಬಾಯಲ್ಲಿ ಸಿಹಿ ನೀರು ಮುಕ್ಕಳಿಸಿ ಉಗುಳಿದರೂ ಚುರುಕು ಬರುತ್ತದೆ ಅಂತ ಪ್ರಯೋಗಗಳು ತೋರಿಸಿವೆ.

ದುಡ್ಡಿನ ವಿಷಯಕ್ಕೆ ಬರೋಣ. ಒಂದು ಸ್ಕೂಪ್‌ಗೆ ಅರವತ್ತು ರೂಪಾಯಿ ಮೇಲೆ ಬೀಳುತ್ತದೆ. ಅಡುಗೆಮನೆ ಸಕ್ಕರೆಯ ಪ್ರತಿ ಕಣದಲ್ಲೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇದೆ. ಎರಡು ಬಾಗಿಲೂ ತಾನಾಗಿಯೇ ಬಳಕೆಯಾಗುತ್ತವೆ. ಶರಬತ್ತಿನವನು ಯಾಕೆ ಆರಾಮಾಗಿದ್ದ ಅಂತ ಈಗ ಗೊತ್ತಾಯಿತಲ್ಲ? ಅವನ ಅಳತೆ ಇದು: ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. ಕಾಲು ಚಮಚ ಉಪ್ಪು ಅಂದರೆ ಒಂದೂವರೆ ಗ್ರಾಂ, ಅದರಲ್ಲಿ ಸೋಡಿಯಂ ಸುಮಾರು 600 ಮಿಲಿಗ್ರಾಂ. ಕಣಗಳ ಲೆಕ್ಕ ಹಾಕಿದರೆ ಇದು 230ರ ಹತ್ತಿರ, ರಕ್ತಕ್ಕಿಂತ ತೆಳು. ಅಂಗಡಿಯ ಗ್ಲೂಕೋಸ್ ಪುಡಿಯನ್ನು ಅದೇ 60 ಗ್ರಾಂ ಹಾಕಿದರೆ ಸಿಹಿಯ ಕಣಗಳು ಹತ್ತಿರಹತ್ತಿರ ದುಪ್ಪಟ್ಟು, ಉಪ್ಪಿನ ಲೆಕ್ಕ ಬಿಟ್ಟೇ 330 ದಾಟುತ್ತದೆ. ಹಾಗಾಗಿ "ಗ್ಲೂಕೋಸ್ ಕುಡಿ, ತಕ್ಷಣ ಶಕ್ತಿ" ಅನ್ನುವ ಮಾತಿಗೆ ಬಿಸಿಲಲ್ಲಿ ಜಾಸ್ತಿ ಬೆಲೆ ಕೊಡಬೇಡಿ.

ಹಾಗಾದರೆ ಪುಡಿಗೆ ಯಾಕೆ ದುಡ್ಡು? ಒಂದೇ ಕಾರಣ, ಸಿಹಿ ಕಡಿಮೆ. ಮಾಲ್ಟೋಡೆಕ್ಸ್‌ಟ್ರಿನ್ ಅಷ್ಟು ಸಿಹಿ ಇಲ್ಲ, ಒಂದೇ ಸ್ಕೂಪ್ ಹಾಕಿ ಐದಾರು ಗಂಟೆ ಕುಡಿದರೂ ನಾಲಿಗೆ ಜಡ್ಡುಗಟ್ಟುವುದಿಲ್ಲ. ಮೂರು ಗಂಟೆಯೊಳಗಿನ ಸವಾರಿಗೆ ಶರಬತ್ತೇ ಸಾಕು.

ಎಳನೀರು ಸಾಕಲ್ವಾ ಅಂತ ಕೇಳುವವರು ಬಹಳ. ಎಳನೀರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಂಡು ಕುಡಿದರೆ ಒಳ್ಳೆಯದೇ. ಕಬ್ಬಿನ ಹಾಲು ನೂರಕ್ಕೆ 13, 14ರಷ್ಟು ಸಕ್ಕರೆ, ಅದಕ್ಕೆ ಅಷ್ಟೇ ನೀರು ಬೆರೆಸಿದರೆ ಪುಡಿಯ ಅಪ್ಪ. ಐಸ್ ಎಲ್ಲಿಂದ ತಂದದ್ದು ಅಂತ ಮಾತ್ರ ನೋಡಿಕೊಳ್ಳಿ.

ಭೇದಿ ಆದಾಗ ಕೊಡುವ ಓಆರ್‌ಎಸ್ ವಿಷಯದಲ್ಲಿ ಒಂದು ಗೊಂದಲ ಇದೆ. ಅದು ಶಕ್ತಿಗಲ್ಲ, ಮೈ ಕಳಕೊಂಡ ನೀರು ತುಂಬಲು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್‌ಗೆ ಗ್ಲೂಕೋಸ್ ಬರೀ 13.5 ಗ್ರಾಂ, ಉಪ್ಪು 2.6 ಗ್ರಾಂ. ಆ ಎಸ್‌ಜಿಎಲ್‌ಟಿ1 ಬಾಗಿಲು ಗ್ಲೂಕೋಸನ್ನು ಒಂಟಿಯಾಗಿ ಬಿಡುವುದಿಲ್ಲ, ಸೋಡಿಯಂ ಜೊತೆಗಿರಬೇಕು. ಇಬ್ಬರೂ ಒಳಗೆ ಹೋದರೆ ನೀರು ಹಿಂದೆಯೇ ಬರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತು, ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್, ನೀರಿನಿಂದ ಸಾವಿರಾರು ಜೀವ ಉಳಿಸಿದ್ದು ಇದೇ ಗುಟ್ಟಿನಿಂದ. ಅಂಗಡಿಯಲ್ಲಿ ಓಆರ್‌ಎಸ್ ಅಂತ ದೊಡ್ಡದಾಗಿ ಬರೆದು ಸಿಹಿ ಜ್ಯೂಸ್ ಮಾರುತ್ತಿದ್ದರಲ್ಲ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಕಡಿವಾಣ ಹಾಕಿತು. ಭೇದಿ ಆಗಿ ಸುಸ್ತಾದ ಮೇಲೆ ಬೇಕಾದದ್ದು ನಿಜವಾದ ಓಆರ್‌ಎಸ್, ಈ ಕಿತ್ತಳೆ ಪುಡಿ ಅಲ್ಲವೇ ಅಲ್ಲ.

ಪುಡಿಯ ಮೇಲೆ ಹೊರಿಸಬಾರದ ಆರೋಪಗಳೂ ಇವೆ. ಹಿಂದಿನ ಸಂಜೆ ಮಿರ್ಚಿ, ಮಂಡಕ್ಕಿ ಒಗ್ಗರಣೆ, ರಾತ್ರಿ ಮುದ್ದೆ, ಕಾಳುಸಾರು ಹೊಡೆದು ಬೆಳಿಗ್ಗೆ ಐದಕ್ಕೆ ಹೊರಟರೆ ಆ ನಾರು, ಎಣ್ಣೆ ಎಲ್ಲ ಇನ್ನೂ ಒಳಗೇ ಇರುತ್ತದೆ. ದಾರಿ ಮಧ್ಯೆ ಬೆಣ್ಣೆ ದೋಸೆಗೆ ನಿಲ್ಲುವ ಚಟ ನಮ್ಮ ಗುಂಪಿಗೂ ಇದೆ. ಊರಿನ ಮರ್ಯಾದೆ ಪ್ರಶ್ನೆ, ಬಿಡಿ ಅನ್ನಲ್ಲ, ಸವಾರಿ ಮುಗಿದ ಮೇಲೆ ತಿನ್ನಿ. ಬೆಣ್ಣೆ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ. ದಾರಿಯಲ್ಲಿ ಗಟ್ಟಿ ಏನಾದರೂ ಬೇಕು ಅನಿಸಿದರೆ ಒಗ್ಗರಣೆ ಇಲ್ಲದ ಮಂಡಕ್ಕಿ ಒಂದು ಹಿಡಿ, ಇಲ್ಲ ಮಾಗಿದ ಬಾಳೆಹಣ್ಣು. ಇನ್ನು ಮೊಣಕಾಲು ನೋವಿಗೆ ಅಂತ ಹೊರಡುವ ಮುಂಚೆ ಐಬುಪ್ರೊಫೆನ್ ನುಂಗುವವರಿದ್ದಾರೆ. ವ್ಯಾಯಾಮದ ಹೊತ್ತಲ್ಲಿ ಅದು ಕರುಳಿಗೆ ಆಗುವ ಪೆಟ್ಟನ್ನು ಇನ್ನೂ ಹೆಚ್ಚಿಸುತ್ತದೆ, ದಯವಿಟ್ಟು ಬೇಡ. ಮಲದಲ್ಲಿ ರಕ್ತ ಕಂಡರೆ, ಬಿಸಿಲಲ್ಲಿ ತಲೆ ಸುತ್ತಿ ಮಾತು ತಡವರಿಸಿದರೆ ಪುಡಿ, ಶರಬತ್ತು ಯಾವ ಚರ್ಚೆಯೂ ಬೇಡ, ನೆರಳು, ತಣ್ಣೀರು, ಆಸ್ಪತ್ರೆ.

ಕಂಪನಿಗೆ ಇಮೇಲ್ ಹಾಕಿದೆ. ಬಿಸಿಲಲ್ಲಿ ಎಷ್ಟು ಹಾಕಬೇಕು, ಲೇಬಲ್ ಮೇಲೆ ಯಾಕೆ ಇಲ್ಲ ಅಂತ. "ನಿಮ್ಮ ಅನುಭವಕ್ಕೆ ವಿಷಾದವಿದೆ, ಸೂಚನೆಯಂತೆ ಬಳಸಿ" ಅಂತ ಉತ್ತರ ಬಂತು. ಸೂಚನೆಯಂತೆ ಬಳಸಿದ್ದೇ ತಾನೇ ತೊಂದರೆ! ಜೊತೆಗೊಂದು ಡಿಸ್ಕೌಂಟ್ ಕೂಪನ್. ಕೂಪನ್ ಬಳಸಿಲ್ಲ.

ಅಂಕ ಕೊಡುವುದಾದರೆ ಮಿಶ್ರಣಕ್ಕೆ ಐದಕ್ಕೆ ನಾಲ್ಕೂವರೆ, ಬೆಲೆಗೆ ಎರಡು, ಸೂಚನೆಗೆ ಒಂದು. ನಾಲ್ಕೈದು ಗಂಟೆ ಮೀರಿ ತುಳಿಯುವವರು, ಬ್ರೆವೆ ಅನ್ನುವ, ಗಡುವಿನೊಳಗೆ ಮುಗಿಸುವ 200 ಕಿ.ಮೀ. ಸೈಕಲ್ ಸವಾರಿಗೆ ತಯಾರಿ ಮಾಡುವವರು ತೆಗೆದುಕೊಳ್ಳಬಹುದು, ಅರ್ಧ ಅಳತೆಯಲ್ಲಿ. ಕೆರೆ ಸುತ್ತ ಓಡುವವರಿಗೆ ಬೇಡವೇ ಬೇಡ. ಪೌಚ್‌ನ ಜಿಪ್ ಸರಿ ಇಲ್ಲ, ಮಳೆಗಾಲದಲ್ಲಿ ಒಂದೇ ವಾರಕ್ಕೆ ಕಲ್ಲಾಗುತ್ತದೆ, ತಂದ ದಿನವೇ ಸ್ಟೀಲ್ ಡಬ್ಬಿಗೆ ಹಾಕಿಡಿ. ಸ್ಕೂಪ್ ಮಾತ್ರ ಎಸೆಯಬೇಡಿ, ಸಕ್ಕರೆ ಅಳೆಯಲು ಚೆನ್ನಾಗಿದೆ.